ಅಮ್ಮನ ಇಂಜೆಕ್ಷನ್ ಕೇಳಿದ ಗೆಳೆಯನಿಗೆ

ನಮ್ಮನೆ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕ ಯಾವಾಗಲೂ ಒಂದು ಪುಟ್ಟ ಇಂಜೆಕ್ಷನ್ ಡಬ್ಬಿ ಇರುತ್ತೆ. ಹೆಸರು ಎರಿಥ್ರೋಪೊಯೆಟಿನ್, ಚಿಕ್ಕದಾಗಿ ಇಪಿಒ. ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋಗುವಾಗ ಇದನ್ನೂ ಐಸ್ ಪ್ಯಾಕ್‌ನಲ್ಲಿಟ್ಟು ತಗೊಂಡು ಹೋಗ್ತೀವಿ.

ಕಿಡ್ನಿ ಅಂದ್ರೆ ರಕ್ತ ಸೋಸೋ ಅಂಗ ಅಂತಷ್ಟೇ ನನಗೆ ಗೊತ್ತಿದ್ದದ್ದು. ಅದಕ್ಕೆ ಇನ್ನೊಂದು ಕೆಲಸವೂ ಇದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಈ ಹಾರ್ಮೋನ್ ಬಿಡುಗಡೆ ಮಾಡುತ್ತೆ. ಆಗ ಮೂಳೆಮಜ್ಜೆ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತೆ. ಕಿಡ್ನಿ ಕೆಟ್ಟರೆ ಇದೂ ನಿಲ್ಲುತ್ತೆ. ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದಾಗ ಅಮ್ಮ ಅಡುಗೆಮನೆಯಿಂದ ಹಾಲ್‌ಗೆ ಬರೋಷ್ಟರಲ್ಲಿ ಏದುಸಿರು ಬಿಡ್ತಿದ್ದಳು. ಈಗ ಸಂಜೆ ತಾನೇ ಮೆಟ್ಟಿಲಿಳಿದು ಹೂವು ತರ್ತಾಳೆ.

ಭಾನುವಾರ ಬೆಳಗ್ಗೆ ನಮ್ಮದೊಂದು ಓಟದ ಗುಂಪು. ಹೋದ ತಿಂಗಳು ಓಟ ಮುಗಿಸಿ ಎಳನೀರು ಕುಡೀತಾ ಗೆಳೆಯ ಕೇಳಿದ: “ಮಗಾ, ನಿಮ್ಮಮ್ಮಂಗೆ ಕೊಡೋ ಇಂಜೆಕ್ಷನ್ ನಂಗೂ ಒಂದೆರಡು ಕೊಡಿಸ್ತೀಯಾ? ಫುಲ್ ಮ್ಯಾರಥಾನ್ ನಾಲ್ಕು ಗಂಟೆ ಒಳಗೆ ಮುಗಿಸ್ಬೇಕು.” ನಗ್ತಾನೇ ಕೇಳಿದ. ಡೋಸ್ ಎಷ್ಟು ಅಂತಲೂ ಕೇಳಿದಾಗ ನನಗೆ ನಗು ಬರಲಿಲ್ಲ.

ಇದರಿಂದ ಏನೂ ಆಗಲ್ಲ ಅಂತ ಅವನಿಗೆ ಸುಳ್ಳು ಹೇಳಲಿಲ್ಲ. ಕೆಂಪುಕಣ ಹೆಚ್ಚಿದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಸಿಗುತ್ತೆ, ಸುಸ್ತು ತಡವಾಗುತ್ತೆ. ಅದಕ್ಕೇ 1990ರ ದಶಕದಲ್ಲಿ ಯುರೋಪಿನ ಸೈಕಲ್ ರೇಸ್‌ಗಳನ್ನು ಇದು ಆವರಿಸಿಕೊಂಡಿದ್ದು. 1996ರ ಟೂರ್ ಡಿ ಫ್ರಾನ್ಸ್ ಗೆದ್ದ ಡೆನ್ಮಾರ್ಕಿನ ಬ್ಯಾರ್ನೆ ರೀಸ್, ತಾನು ಇಪಿಒ ತಗೊಂಡಿದ್ದೆ ಅಂತ 2007ರಲ್ಲಿ ಒಪ್ಪಿಕೊಂಡ. ಸತತ 7 ಸಲ ಗೆದ್ದಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ಅಷ್ಟೂ ಪಟ್ಟ ಕಳೆದುಕೊಂಡ.

ದೇಹದಲ್ಲೇ ಇರೋ ಹಾರ್ಮೋನ್ ಆದ್ದರಿಂದ ಪತ್ತೆ ಹಚ್ಚೋದು ಕಷ್ಟವಾಗಿತ್ತು. ಮೂತ್ರ ಪರೀಕ್ಷೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ. ಅದಕ್ಕೂ ಮುಂಚೆ, 1997ರಲ್ಲಿ, ಸೈಕ್ಲಿಂಗ್ ಒಕ್ಕೂಟ ಒಂದು ಮಿತಿ ಹಾಕಿತ್ತು: ಗಂಡಸರ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 50 ದಾಟಿದರೆ ರೇಸ್‌ಗೆ ಇಳಿಯೋ ಹಾಗಿಲ್ಲ. ಯಾಕಂದ್ರೆ ಕಣ ಹೆಚ್ಚಾದಷ್ಟೂ ರಕ್ತ ಮಂದವಾಗುತ್ತೆ. ಬೆವರು ಹರಿದು ನೀರು ಕಡಿಮೆಯಾದರಂತೂ ಇನ್ನೂ ಮಂದ. ಹೆಪ್ಪುಗಟ್ಟಿದರೆ ಹೃದಯಕ್ಕೋ ಮೆದುಳಿಗೋ ಪೆಟ್ಟು.

ಅಮ್ಮನಿಗೂ ಡಾಕ್ಟರು ಹಿಮೋಗ್ಲೋಬಿನ್ 11ರ ಆಸುಪಾಸಿಗೇ ನಿಲ್ಲಿಸ್ತಾರೆ. “13, 14ಕ್ಕೆ ಏರಿಸಬಾರದಾ ಸರ್?” ಅಂತ ಒಮ್ಮೆ ಕೇಳಿದ್ದೆ. ಬೇಡ ಅಂದರು. ಕಿಡ್ನಿ ಕಾಯಿಲೆ ಇರೋರ ಮೇಲೆ ಅಮೆರಿಕದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 13.5ರ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಾವು, ಹೃದಯದ ತೊಂದರೆಗಳು 11.3ರ ಗುಂಪಿಗಿಂತ ಒಟ್ಟಾರೆ ಹೆಚ್ಚು ಕಂಡವು. ಹಿಮೋಗ್ಲೋಬಿನ್ ಕಡಿಮೆ ಇರೋರಿಗೇ ಇಷ್ಟು ಎಚ್ಚರಿಕೆ. ನನ್ನ ಗೆಳೆಯನದ್ದು ಈಗಲೇ 15.

“ಅಮ್ಮನಿಗೆ ಪ್ರತಿ ಸಲ ಬಿಪಿ ನೋಡ್ತಾರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡ್ತಾರೆ. ನಿಂಗೆ ಯಾರು ನೋಡ್ತಾರೆ?” ಅಂದೆ. ಅವನು ಉತ್ತರ ಕೊಡಲಿಲ್ಲ. ಆ ವಾರ ಫೋನೂ ಮಾಡಲಿಲ್ಲ. ಬೇಜಾರಾಗಿರಬಹುದು, ಆಗಲಿ.

ನಮ್ಮಂಥ ಹವ್ಯಾಸಿ ಓಟಗಾರರ ಮೂತ್ರ ಪರೀಕ್ಷೆ ಮಾಡೋಕೆ ಯಾರೂ ಬರಲ್ಲ. ನಾಲ್ಕು ಗಂಟೆಗೆ ಮುಗಿಸಿದರೂ ಐದು ಗಂಟೆಗೆ ಮುಗಿಸಿದರೂ ಕೊರಳಿಗೆ ಅದೇ ಮೆಡಲ್. ನಿಮ್ಮ ಗುಂಪಿನಲ್ಲೂ ಯಾರಾದರೂ ಇಂಥ ಇಂಜೆಕ್ಷನ್ ಮಾತೆತ್ತಿದರೆ ನಕ್ಕು ಸುಮ್ಮನಾಗಬೇಡಿ. ಓಡುವಾಗ ಮೊದಲಿಗಿಂತ ಸುಸ್ತು ಜಾಸ್ತಿ ಅನಿಸಿದರೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆಯೋ ನಿದ್ದೆಯ ಕೊರತೆಯೋ ಗೊತ್ತಾಗುತ್ತೆ.