ಅಪಘಾತಕ್ಕೂ ಒಂದು ಶವಪರೀಕ್ಷೆ

ಸತ್ತವನಿಗೆ ವೈದ್ಯನಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಸತ್ತವನಿಗೆ ಇಲ್ಲ, ನಿಜ. ಆದರೆ ನಾಳೆ ಅದೇ ರೋಗದಿಂದ ಹಾಸಿಗೆ ಹಿಡಿಯಲಿರುವವನಿಗೆ ಉಂಟು. 1761ರಲ್ಲಿ ಇಟಲಿಯ ಮೊರ್ಗಾನ್ಯಿ ಎಂಬ ವೈದ್ಯನು ತನ್ನ 79ನೆಯ ವಯಸ್ಸಿನಲ್ಲಿ, ಸುಮಾರು 700 ಶವಪರೀಕ್ಷೆಗಳ ವಿವರಗಳನ್ನು ಕೂಡಿಸಿ ಒಂದು ದೊಡ್ಡ ಗ್ರಂಥವನ್ನು ಹೊರತಂದನು. ರೋಗಿ ಬದುಕಿದ್ದಾಗ ಕಂಡ ಲಕ್ಷಣವೇನು, ಸತ್ತ ಮೇಲೆ ಒಳಗೆ ಕಂಡ ವಿಕಾರವೇನು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದುದೇ ಅವನ ಹೆಚ್ಚುಗಾರಿಕೆ. ವಿಮಾನಾಪಘಾತದ ತನಿಖೆಯೂ ಈ ವಿದ್ಯೆಯ ತಮ್ಮನೇ ಸರಿ. ಅಂಥದೊಂದು ಪರೀಕ್ಷೆ ನಮ್ಮ ಊರಿನ ಪಾಲಿಗೂ ಬಂದಿತ್ತು. ಅದನ್ನು ಓದಿದವರು ಮಾತ್ರ ಕಡಮೆ.

2010ನೆಯ ಇಸವಿ ಮೇ 22ರ ಬೆಳಗ್ಗೆ ಆರು ಗಂಟೆಯ ಸುಮಾರಿಗೆ, ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜಪೆಯ ರನ್‌ವೇಯಲ್ಲಿ ನಿಲ್ಲಲಾರದೆ, ಅದರಾಚೆಯ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದವರು 166 ಮಂದಿ. ಬದುಕಿ ಬಂದವರು 8. ನಾನು ಆಗ ಅಂಗನವಾಡಿಗೆ ಹೋಗುವ ಮಗು. ದೊಡ್ಡವರು ದಿನವೆಲ್ಲ ಮೆಲುದನಿಯಲ್ಲಿ ಮಾತಾಡುತ್ತಿದ್ದುದಷ್ಟೇ ನೆನಪು. ಬೆಳೆಯುತ್ತ ಬಂದ ಹಾಗೆ ಆ ಮಾತುಗಳು ಅರ್ಥವಾದವು. ಅಜ್ಜಿ, “ಅವರ ಆಯುಷ್ಯ ಅಷ್ಟೇ ಇದ್ದದ್ದು ಮಗಾ” ಎನ್ನುವರು. ಮಾವ, “ಪೈಲಟ್ ನಿದ್ದೆ ಮಾಡಿದ, ಮತ್ತೇನುಂಟು?” ಎನ್ನುವರು. ನೆರೆಮನೆಯವರು, “ಗುಡ್ಡದ ತಲೆ ಮೇಲೆ ನಿಲ್ದಾಣ ಕಟ್ಟಿದರೆ ಇನ್ನೇನಾದೀತು?” ಎಂದು ಮುಗಿಸುವರು. ಮೂರರಲ್ಲಿ ಯಾವುದನ್ನು ಒಪ್ಪಿದರೂ ಮುಂದೆ ಕೇಳುವುದಕ್ಕೆ ಪ್ರಶ್ನೆಯೇ ಉಳಿಯುವುದಿಲ್ಲ. ಅದೇ ನನಗೆ ಸಮಾಧಾನವಾಗದ ಸಂಗತಿ.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ಸಮಿತಿಯ ವರದಿಯನ್ನು ಕಳೆದ ರಜೆಯಲ್ಲಿ ಕುಳಿತು ಓದಿದೆನು. ವಿಮಾನದ ಧ್ವನಿಮುದ್ರಣ ಯಂತ್ರದಲ್ಲಿ ಕೊನೆಯ 2 ಗಂಟೆ 5 ನಿಮಿಷಗಳ ಸದ್ದು ಉಳಿದಿತ್ತು. ಮೊದಲಿನ 1 ಗಂಟೆ 40 ನಿಮಿಷಗಳಲ್ಲಿ ಚಾಲಕರಿಬ್ಬರ ನಡುವೆ ಮಾತೇ ಇಲ್ಲ. ಕೇಳಿಸುವುದು ಮುಖ್ಯ ಚಾಲಕರ ಗೊರಕೆ, ದೀರ್ಘವಾದ ಉಸಿರು. ಹಾಗಾದರೆ ಮಾವ ಹೇಳಿದ್ದೇ ಸರಿಯಲ್ಲವೇ? ಸರಿಯೇ, ಆದರೆ ಅರ್ಧ ಮಾತ್ರ. ಇಳಿಯುವ ಹೊತ್ತಿಗೆ ಅವರು ಎಚ್ಚರವಾಗಿದ್ದರು.

ಎಚ್ಚರವೆಂದರೇನು ಎಂಬುದನ್ನು ಹೇಳಬೇಕಾದವರು ಇಲ್ಲಿ ವೈದ್ಯರು. ಗಾಢನಿದ್ದೆಯಿಂದ ಎದ್ದವನ ಕಣ್ಣು ತೆರೆದರೂ ಬುದ್ಧಿ ಕೆಲಹೊತ್ತು ಮಂಕಾಗಿಯೇ ಇರುತ್ತದೆ. ಲೆಕ್ಕ ತಪ್ಪುತ್ತದೆ, ಹಿಡಿದ ತೀರ್ಮಾನವನ್ನು ಬದಲಿಸಲು ಮನಸ್ಸು ಒಪ್ಪುವುದಿಲ್ಲ. ಇದನ್ನು ನಿದ್ರಾಜಡತೆ ಎನ್ನಬಹುದು. ದೇಹದ ಗಡಿಯಾರ ತೀರ ಕೆಳಗಿಳಿದಿರುವ ನಸುಕಿನ ಹೊತ್ತಿನಲ್ಲಿ ಅದು ಇನ್ನೂ ಹೆಚ್ಚು. ಅಮೆರಿಕದ ನಾಸಾ ಸಂಸ್ಥೆಯವರು ಸಾಗರ ದಾಟುವ ಚಾಲಕರಿಗೆ ಸರದಿಯ ಮೇಲೆ 40 ನಿಮಿಷಗಳ ವಿಶ್ರಾಂತಿ ಕೊಟ್ಟು ಪರೀಕ್ಷಿಸಿದರು. ಸರಾಸರಿ 26 ನಿಮಿಷ ನಿದ್ದೆ ಬಂದಿತು. ಎದ್ದವರು ಚುರುಕಾಗಿಯೇ ಇದ್ದರು. ಅಂದರೆ ಚಾಲಕನು ಮಲಗಿದ್ದೇ ದೋಷವಲ್ಲ, ಎಷ್ಟು ಹೊತ್ತು ಎಂಬುದರಲ್ಲಿದೆ ವಿಷಯ. ವೈದ್ಯರು ಈ ಪರೀಕ್ಷೆಯನ್ನು ತಮ್ಮ ಮೇಲೂ ಮಾಡಿಕೊಂಡಿದ್ದಾರೆ. 2004ರಲ್ಲಿ ಪ್ರಕಟವಾದ ಬಾಸ್ಟನ್ ಆಸ್ಪತ್ರೆಯೊಂದರ ಅಧ್ಯಯನದಲ್ಲಿ, 24 ಗಂಟೆಗೂ ಮೀರಿದ ಪಾಳಿಯ ಕಿರಿಯ ವೈದ್ಯರಿಂದ ಆದ ಗಂಭೀರ ತಪ್ಪುಗಳು, ಪಾಳಿ ತಗ್ಗಿಸಿದಾಗ ಆದುವಕ್ಕಿಂತ ಶೇಕಡಾ 36ರಷ್ಟು ಹೆಚ್ಚಾಗಿದ್ದುವು.

ವರದಿಯು ನಿದ್ದೆಯ ಹತ್ತಿರ ನಿಂತುಬಿಡಲಿಲ್ಲ. ಊರಿನ ರಡಾರ್ ಎರಡು ದಿನಗಳಿಂದ ಕೆಟ್ಟಿತ್ತು; ಆದುದರಿಂದ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ಎಂದಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು; ಆದುದರಿಂದ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. 8,033 ಅಡಿಗಳ ರನ್‌ವೇಯಲ್ಲಿ ಅದು ನೆಲ ಮುಟ್ಟಿದುದು 5,200 ಅಡಿ ಕಳೆದ ಮೇಲೆ. ಅದಕ್ಕೂ ಮೊದಲು ಸಹಚಾಲಕರು ಮೂರು ಬಾರಿ “ಗೋ ಅರೌಂಡ್” ಎಂದಿದ್ದರು. ಎಂದರೆ ಇಳಿಯುವುದು ಬೇಡ, ಮೇಲೇರಿ ಸುತ್ತಿ ಬರೋಣ. ಮೂರು ಬಾರಿ! ಆದರೂ ಅವರು ಚಾಲನೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಸಹಚಾಲಕನಿಗೆ ಆ ಅಧಿಕಾರವುಂಟೇ ಎಂಬ ವಿಷಯದಲ್ಲಿ ನಿಯಮಗಳೇ ಅಸ್ಪಷ್ಟವಾಗಿದ್ದುವು ಎಂದು ವರದಿ ಹೇಳುತ್ತದೆ. ನಾನು ಓದು ನಿಲ್ಲಿಸಿ ಎದ್ದು ಅಂಗಳದಲ್ಲಿ ತಿರುಗಾಡಿದ್ದು ಇಲ್ಲಿ. ಅಧ್ಯಾಪಕರು ಮನ್ನಿಸಬೇಕು, ಯಾವ ಕಾಲೇಜಿನಲ್ಲಾದರೂ ಹಲಗೆಯ ಮೇಲೆ ಇಸವಿ ತಪ್ಪಿ ಬಿದ್ದರೆ ಹಿಂದಿನ ಬೆಂಚಿನಲ್ಲಿ ಪಿಸುಮಾತು ಏಳುತ್ತದೆ, ಮತ್ತೆ ಎಲ್ಲರೂ ಅದೇ ಇಸವಿಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಹಿರಿಯರ ಮುಂದೆ ಕೈ ಚಾಚಬಾರದೆಂದು ನಮಗೆ ತೊಟ್ಟಿಲಿನಿಂದಲೇ ಪಾಠ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಇದೇ ಕಥೆ. ಅಲ್ಲಿ ಒಂದು ಉಪಾಯ ಹೂಡಿ ನೋಡಿದರು. ಚಿಕಿತ್ಸೆಗೆ ಮುನ್ನ ದಾದಿಯೂ ಸೇರಿ ಎಲ್ಲರೂ ತಮ್ಮ ಹೆಸರು ಹೇಳಬೇಕು, ರೋಗಿ ಯಾರು, ಕೊಯ್ಯುವುದೆಲ್ಲಿ ಎಂದು ಗಟ್ಟಿಯಾಗಿ ಓದಬೇಕು. ದಿಲ್ಲಿಯದೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ನಡೆಸಿದಾಗ ಮರಣದ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ; ಒಂದು ಹಾಳೆ ಕಾಗದ.

ಬಜಪೆಯ ವರದಿಯಿಂದ ಎಲ್ಲರೂ ಕಲಿತರೆಂದು ಬರೆಯಲು ನನಗೂ ಆಸೆಯಿತ್ತು. ಆದರೆ 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ಇನ್ನೊಂದು ವಿಮಾನವು ಕಲ್ಲಿಕೋಟೆಯಲ್ಲಿ, ಇಂಥದೇ ಗುಡ್ಡದ ಮೇಲಿನ ರನ್‌ವೇಯ ತುದಿ ದಾಟಿ ಕೆಳಗೆ ಬಿತ್ತು. 190 ಮಂದಿಯಲ್ಲಿ 21 ಮಂದಿ ತೀರಿಕೊಂಡರು. ಅಲ್ಲಿಯೂ ಸಹಚಾಲಕರು “ಗೋ ಅರೌಂಡ್” ಎಂದಿದ್ದರು. ಅಲ್ಲಿಯೂ ಅವರು ಚಾಲನೆಗೆ ಕೈ ಹಾಕಲಿಲ್ಲ. ಈ ಬಾರಿ ತನಿಖೆಯವರು ಮುಖ್ಯ ಚಾಲಕರು ವೈದ್ಯರ ಚೀಟಿಯಿಲ್ಲದೆ ಸೇವಿಸುತ್ತಿದ್ದ ಸಕ್ಕರೆ ಕಾಯಿಲೆಯ ಔಷಧಗಳನ್ನೂ ಪರಿಶೀಲಿಸಿ, ರಕ್ತದಲ್ಲಿ ಸಕ್ಕರೆ ತುಸು ಇಳಿದು ವಿವೇಚನೆ ಮಸುಕಾಗಿರಬಹುದೆಂದು ಬರೆದರು. ವೈದ್ಯವಿದ್ಯೆ ಮತ್ತೊಮ್ಮೆ ನೆರವಿಗೆ ಬಂದಿತು, ಎಲ್ಲ ಮುಗಿದ ಮೇಲೆ.

ಎರಡೂ ವರದಿಗಳ ಪ್ರತಿಗಳನ್ನು ನಮ್ಮ ಗ್ರಂಥಾಲಯದಲ್ಲಿ ಇಡಬೇಕೆಂದು ಅರ್ಜಿ ಬರೆದು ಕೊಟ್ಟಿದ್ದೇನೆ. ಯಾವ ಕಪಾಟಿನಲ್ಲಿ ಇಡುವುದು, ವೈದ್ಯಕೀಯದಲ್ಲೋ ಯಂತ್ರಶಾಸ್ತ್ರದಲ್ಲೋ ಎಂದು ಗ್ರಂಥಪಾಲರು ಕೇಳಿದ್ದಾರೆ.