ಓಡಾಟ

ಸಿಟಿ ಬಸ್ಸು ಹತ್ತಿದರೆ ಕಂಡಕ್ಟರು ನನ್ನ ಆಧಾರ್ ಕಾರ್ಡನ್ನು ಒಮ್ಮೆ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಕೈಗಿಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಇದು ನಮ್ಮ ರಾಜ್ಯದ ಹೆಂಗಸರಿಗೆಲ್ಲ ಅಭ್ಯಾಸವಾಗಿಹೋಗಿದೆ. ನನಗೂ ಸಂತೋಷವೇ. ಆದರೆ ಆ ಟಿಕೆಟ್ಟನ್ನು ಮಡಿಸಿ ಪರ್ಸಿಗೆ ಸೇರಿಸುವಾಗ ಬೆರಳುಗಳು ಇನ್ನೇನನ್ನೋ ಹುಡುಕುತ್ತವೆ. ಮೂವತ್ತು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಇರುತ್ತಿದ್ದ ನನ್ನ ಬಸ್ ಪಾಸನ್ನು.

ಆ ಪಾಸಿನ ಮೇಲಿದ್ದ ನನ್ನ ಫೋಟೋ ನೋಡಿದರೆ ಯಾರಿಗಾದರೂ ನಗು ಬರಬೇಕು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಫೋಟೋಗ್ರಾಫರು ‘ನಗಬೇಡಿ’ ಎಂದದ್ದಕ್ಕೆ ಹೆದರಿ ಅಗಲವಾದ ಕಣ್ಣು, ಗಲ್ಲದ ಅರ್ಧಭಾಗವನ್ನು ನುಂಗಿದ ಕಾಲೇಜಿನ ಮೊಹರು. ಅದರ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತಿತ್ತು. ಕುವೆಂಪುನಗರದಿಂದ ಸಿಟಿ ಬಸ್ ನಿಲ್ದಾಣಕ್ಕೆ. ನನ್ನ ಪ್ರಪಂಚದ ಉದ್ದಳತೆ ಅಷ್ಟೆ. ಆದರೂ 1992ರಲ್ಲಿ ಮಹಾರಾಣಿ ಕಾಲೇಜಿಗೆ ಬಿ.ಎ. ಸೇರಿ ಆ ಪಾಸು ಕೈಗೆ ಬಂದ ದಿನ, ಯಾರೋ ನನಗೊಂದು ರಾಜ್ಯವನ್ನೇ ಬರೆದುಕೊಟ್ಟ ಹಾಗೆ ಅನ್ನಿಸಿತ್ತು. ಅದುವರೆಗೆ ಅಪ್ಪನ ಸೈಕಲ್ಲಿನ ಹಿಂದಿನ ಸೀಟು, ಇಲ್ಲವೇ ಅಮ್ಮನ ಸೆರಗಿನ ಹಿಂದೆ. ಈಗ ನಾನೊಬ್ಬಳೇ.

ಮೊನ್ನೆ ನನ್ನ ಮಗಳು ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತ, “ಅವಳು ಡೇಟಿಂಗ್ ಮಾಡ್ತಿದಾಳೆ ಕಣೇ” ಎಂದಳು. ಮಾತು ಮುಗಿಸಿ, ನಾನು ಕೇಳಿಸಿಕೊಂಡೆನೆಂದು ಗೊತ್ತಾಗಿ, “ನಿಮ್ಮ ಕಾಲದಲ್ಲಿ ಇದಕ್ಕೆ ಏನಂತಿದ್ರಮ್ಮಾ?” ಎಂದು ಕೇಳಿದಳು. ನಾನು ಯೋಚಿಸಿ, “ಓಡಾಟ” ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆದರೆ ಅದು ನಿಜ. ‘ಅವಳು ಅವನ ಜೊತೆ ಓಡಾಡ್ತಾಳೆ’ ಎಂದರೆ ಆಗ ಎಲ್ಲರಿಗೂ ಅರ್ಥವಾಗುತ್ತಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಕೂರುವುದಕ್ಕೆ ಕೈಯಲ್ಲಿ ಕಾಸಿಲ್ಲದ ನಮಗೆ ಓಡಾಡದೆ ಬೇರೆ ದಾರಿ ಏನಿತ್ತು ಹೇಳಿ?

ಓಡಾಟದ ವಿಷಯಕ್ಕೆ ಬರುವ ಮುನ್ನ, ಅಂದಿನ ನನ್ನ ಇತರ ಪ್ರೀತಿಗಳನ್ನೂ ಹೇಳಬೇಕು. ಅವೇನು ದೊಡ್ಡವಲ್ಲ. ಬಂಗಾರದ ಬಣ್ಣದ ಮುಚ್ಚಳವಿದ್ದ ಹೀರೋ ಪೆನ್ನು ಒಂದು. ಅದು ಸೋರುತ್ತಿತ್ತು. ನನ್ನ ನಡುಬೆರಳು ಮೂರು ವರ್ಷ ನೀಲಿಯಾಗಿಯೇ ಇತ್ತು, ಆದರೂ ಅದನ್ನು ಬಿಡಲಿಲ್ಲ. ನಮ್ಮ ಕಾಂಪೌಂಡಿಗೆ ಹಬ್ಬಿದ್ದ ಮಲ್ಲಿಗೆ ಬಳ್ಳಿ ಇನ್ನೊಂದು. ಅಮ್ಮ ಸಂಜೆ ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ, ಬೆಳಿಗ್ಗೆ ಅದು ನನ್ನ ಜಡೆಯಲ್ಲಿ ಕಾಲೇಜಿಗೆ ಬರುತ್ತಿತ್ತು. ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳೆಂದರೂ ಪ್ರಾಣ. ಕೊಳ್ಳುವುದಕ್ಕಿಂತ ನಿಂತು ಓದುವುದೇ ಹೆಚ್ಚು. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರೆಂದು ಕೇಳಿದಾಗ, ನನ್ನದೇ ಮನೆಯ ಗೋಡೆ ಬಿದ್ದಂತೆ ಕುಗ್ಗಿಹೋದೆ. ಆಮೇಲೆ ಬಸ್ಸಿನ ಎಡಗಡೆಯ ಕಿಟಕಿ. ಅದು ಸಿಕ್ಕ ದಿನ ಪಾಠ ಹೇಗಿದ್ದರೂ ಸರಿ, ದಿನ ಒಳ್ಳೆಯದು.

ಇವಕ್ಕೆಲ್ಲ ಕೊನೆಯಲ್ಲಿ ಸೇರಿದ್ದು ಕುಕ್ಕರಹಳ್ಳಿ ಕೆರೆ. ಅದನ್ನು ನನಗೆ ತೋರಿಸಿದವನು ಅವನು.

ಅವನ ಹೆಸರು ಬೇಡ. ಇನ್ನೊಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ಅಂತರ ಕಾಲೇಜು ಚರ್ಚಾಸ್ಪರ್ಧೆಯೊಂದರಲ್ಲಿ ಪರಿಚಯ. ನಾನು ಪರ ಮಾತಾಡಿದೆ, ಅವನು ವಿರೋಧ. ಇಬ್ಬರಿಗೂ ಬಹುಮಾನ ಬರಲಿಲ್ಲ. ಸೋತವರಿಬ್ಬರೂ ಬಸ್ ನಿಲ್ದಾಣದ ತನಕ ಜೊತೆಯಲ್ಲಿ ನಡೆದೆವು. “ನೀವು ಚೆನ್ನಾಗಿ ಮಾತಾಡಿದ್ರಿ” ಎಂದ. “ನೀವೂ ಅಷ್ಟೆ” ಎಂದೆ. ಮೈಸೂರಿನ ಮಕ್ಕಳಲ್ಲವೇ, ಬಹುವಚನವನ್ನು ನಾವಿಬ್ಬರೂ ನಾಲ್ಕು ತಿಂಗಳು ಬಿಡಲಿಲ್ಲ. ಶನಿವಾರದ ಮಧ್ಯಾಹ್ನ ಸಣ್ಣ ಹೋಟೆಲೊಂದರಲ್ಲಿ ಬೈ-ಟೂ ಕಾಫಿ ತರಿಸಿ, ಯಾರ ಲೋಟದಲ್ಲಿ ಒಂದು ಗುಟುಕು ಹೆಚ್ಚಿದೆಯೋ ಅದನ್ನು ಇನ್ನೊಬ್ಬರ ಕಡೆ ತಳ್ಳುತ್ತ, “ನೀವು ತೊಗೊಳ್ಳಿ”, “ಇಲ್ಲ ಇಲ್ಲ, ನೀವು ತೊಗೊಳ್ಳಿ” ಎಂದು ಉಪಚಾರ ಮಾಡಿಕೊಳ್ಳುತ್ತಿದ್ದೆವು. ಮಾಣಿಗೆ ನಮ್ಮನ್ನು ನೋಡಿ ಬೇಜಾರಾಗಿರಬೇಕು.

ಕಾಫಿ ಮುಗಿದರೆ ಕೆರೆಯ ಏರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆಯಂತೆ ಅದು. ಇತ್ತ ಊರು, ಅತ್ತ ಮಾನಸಗಂಗೋತ್ರಿಯ ಮರಗಳು, ದೂರದಲ್ಲಿ ಚಾಮುಂಡಿ ಬೆಟ್ಟ. ಕುವೆಂಪು ತಿರುಗಾಡಿದ ಏರಿ ಅದು ಎಂಬ ಹೆಮ್ಮೆ ಕನ್ನಡ ಓದುತ್ತಿದ್ದ ನನಗೆ. ಅವನಿಗೆ ಹಕ್ಕಿಗಳ ಹುಚ್ಚು. ನನಗೆ ಅದುವರೆಗೆ ಗೊತ್ತಿದ್ದ ಹಕ್ಕಿಗಳೆಂದರೆ ಕಾಗೆ, ಗುಬ್ಬಿ, ಗಿಳಿ, ಹದ್ದು. ಅವನು ಒಂದೊಂದನ್ನೇ ತೋರಿಸಿಕೊಟ್ಟ. ಗಂಟಲಿನ ಚೀಲ ತುಂಬಿಕೊಂಡು ದೋಣಿಯ ಹಾಗೆ ಸಾಗುವುದು ಹೆಜ್ಜಾರ್ಲೆ. ಮುಳುಗಿ ಎದ್ದು, ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಬಟ್ಟೆ ಒಣಗಿಸುವವರಂತೆ ನಿಲ್ಲುವುದು ನೀರುಕಾಗೆ. ಮೈಯೆಲ್ಲ ನೀರೊಳಗಿಟ್ಟು ಕತ್ತನ್ನು ಮಾತ್ರ ಹಾವಿನಂತೆ ಮೇಲೆತ್ತಿಕೊಂಡು ಈಜುವುದು ಹಾವಕ್ಕಿ. ಹೆಸರು ಗೊತ್ತಾದ ಮೇಲೆ ಆ ಹಕ್ಕಿಗಳು ನನಗೆ ನೆಂಟರಾದವು.

1994ರ ನವೆಂಬರ್ 11ರಂದು ಕುವೆಂಪು ತೀರಿಕೊಂಡರು. ಊರಿಗೆ ಊರೇ ಸಪ್ಪಗಾಗಿತ್ತು. ಮರುವಾರ ಏರಿಯ ಮೇಲೆ ಹೋದಾಗ ನಾನು ಮಾತಾಡದೆ ನಡೆಯುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವನು, “ಅಳ್ತಿದೀಯಾ?” ಎಂದ. ಮೊದಲ ಸಲ ಏಕವಚನ. ಅಳುತ್ತಿದ್ದವಳು ನಕ್ಕೆ. ನಮ್ಮ ಓಡಾಟದ ಕಥೆಯಲ್ಲಿ ಅದಕ್ಕಿಂತ ದೊಡ್ಡ ಘಟನೆ ಇಲ್ಲ. ಈಗಿನವರಿಗೆ ಇದನ್ನು ಹೇಳಿದರೆ, “ಅಷ್ಟೇನಾ?” ಎನ್ನುತ್ತಾರೆ. ಅಷ್ಟೇ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜನವರಿಯ ಒಂದು ಶನಿವಾರ. ನಾವು ಏರಿ ಇಳಿದು ರಸ್ತೆಗೆ ಬಂದೆವು. ಎದುರಿಗೆ ಸೈಕಲ್ಲಿನ ಮೇಲೆ ಅಪ್ಪ.

ಅಪ್ಪ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದರು. ಅವರಿಗೆ ಆ ದಾರಿಯಲ್ಲಿ ಏನೂ ಕೆಲಸವಿರಲಿಲ್ಲ. ಅಂದು ಸರಸ್ವತಿಪುರಂನಲ್ಲಿ ಕಾಯಿಲೆಯಾಗಿದ್ದ ಸ್ನೇಹಿತರನ್ನು ನೋಡಿ ಬರುತ್ತಿದ್ದರಂತೆ. ನನ್ನನ್ನು ನೋಡಿದರು. ಅವನನ್ನೂ ನೋಡಿದರು. ಸೈಕಲ್ಲು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಗಂಟೆಯನ್ನೂ ಬಾರಿಸದೆ ಮುಂದೆ ಹೋದರು.

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತ್ತು. ಒಂದನ್ನೂ ನೋಡಿದ ನೆನಪಿಲ್ಲ. ಏನು ಹೇಳಬೇಕು, ಯಾವ ಸುಳ್ಳು ಸೇರಿಸಬೇಕು ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಚರ್ಚಾಸ್ಪರ್ಧೆಗೂ ಅಷ್ಟು ತಯಾರಿ ಮಾಡಿಕೊಂಡಿರಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ದಿನಾ ರಾತ್ರಿ ತಪ್ಪದೆ ಹಾಕುತ್ತಿದ್ದ ರೇಡಿಯೋವನ್ನು ಮೂರು ದಿನ ಹಾಕಲಿಲ್ಲ. ಸಾರನ್ನ ಬಿಟ್ಟು ಬರೀ ಮಜ್ಜಿಗೆ ಅನ್ನ ಕಲಸಿ ಎದ್ದುಬಿಡುತ್ತಿದ್ದರು. “ಹೊಟ್ಟೆ ಸರಿಯಿಲ್ವೇನೋ ನಿಮ್ಮಪ್ಪಂಗೆ” ಎಂದು ಅಮ್ಮ ಓಮಿನ ಕಷಾಯ ಮಾಡಿಕೊಟ್ಟಳು. ಅಪ್ಪ ಅದನ್ನೂ ಮಾತಾಡದೆ ಕುಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ಕನೆಯ ದಿನ ಕಾಲೇಜಿಗೆ ಹೊರಡಲು ನೋಡಿದರೆ ಪಾಸು ಇಲ್ಲ. ಎದೆ ಧಸಕ್ಕೆಂದಿತು. ಕಿತ್ತುಕೊಂಡರು, ಇನ್ನು ಓದೂ ಮುಗಿಯಿತು ಎಂದುಕೊಂಡೆ. ನಮ್ಮ ತರಗತಿಯಲ್ಲೇ ಹಾಗೆ ಮನೆಯಲ್ಲಿ ಕೂತವರು ಇಬ್ಬರಿದ್ದರು. ಅಂದು ಟಿಕೆಟ್ಟು ಕೊಂಡು ಹೋಗಿ ಬಂದೆ. ಸಂಜೆ ಅಪ್ಪ ಬಂದವರೇ ಅಂಗಿಯ ಜೇಬಿನಿಂದ ಪಾಸು ತೆಗೆದು ಮೇಜಿನ ಮೇಲಿಟ್ಟರು.

“ಅವಧಿ ಮುಗಿಯೋದ್ರಲ್ಲಿತ್ತು. ಮುಂದಕ್ಕೆ ಮಾಡಿಸ್ಕೊಂಡು ಬಂದೆ” ಎಂದರು. ಒಂದು ಕ್ಷಣ ಬಿಟ್ಟು, “ಜೋಪಾನ” ಎಂದರು. ಪಾಸು ಜೋಪಾನವೋ, ನಾನು ಜೋಪಾನವೋ ಹೇಳಲಿಲ್ಲ. ಒಳಗೆ ಹೋಗಿ ರೇಡಿಯೋ ಹಾಕಿದರು.

ಮುಂದಿನ ಶನಿವಾರ ನಾನು ಇದನ್ನೆಲ್ಲ ಅವನಿಗೆ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಎಂಥವರು ನೋಡು ಎಂಬ ಹೆಮ್ಮೆಯಲ್ಲಿ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. “ನಮ್ಮ ಮನೇಲಿ ಬಂದು ಏನಾದ್ರೂ ಹೇಳ್ತಾರಾ?” ಎಂದ. ಇಲ್ಲ ಎಂದೆ. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದು, “ಪರೀಕ್ಷೆ ಬೇರೆ ಹತ್ತಿರ ಬಂತು. ಸ್ವಲ್ಪ ದಿನ ನೀವು ಈ ಕಡೆ ಬರದೇ ಇರೋದು ಒಳ್ಳೇದು” ಎಂದ.

ನೀವು. ನಾಲ್ಕು ತಿಂಗಳು ಹಿಡಿದು ಏಕವಚನಕ್ಕೆ ಬಂದವನು, ಬಹುವಚನಕ್ಕೆ ಮರಳಲು ಅರ್ಧ ನಿಮಿಷ ತೆಗೆದುಕೊಳ್ಳಲಿಲ್ಲ.

ಇಷ್ಟು ವರ್ಷಗಳ ಮೇಲೆ ಅವನನ್ನು ದೂರುವುದಕ್ಕೆ ಮನಸ್ಸಿಲ್ಲ. ಇಪ್ಪತ್ತು ವರ್ಷದ ಹುಡುಗ. ಅವನ ಮನೆಯಲ್ಲಿ ಎಂಥ ಅಪ್ಪ ಇದ್ದರೋ ನನಗೇನು ಗೊತ್ತು? ಆದರೆ ಅಂದು ನನಗೆ ಅಷ್ಟು ವಿವೇಕವಿರಲಿಲ್ಲ. ಒಂದು ರೂಪಾಯಿಯ ನಾಣ್ಯ ಹಿಡಿದು ಎರಡು ಮೂರು ಸಲ ಬೀದಿಯ ಟೆಲಿಫೋನ್ ಬೂತಿನ ತನಕ ಹೋಗಿ ಹಿಂದೆ ಬಂದೆ. ಅವನಾಗಿ ಬರಲಿಲ್ಲ. ಪರೀಕ್ಷೆ ಬಂತು, ಮುಗಿಯಿತು. ಅವನು ಬೇರೆ ಊರಿಗೆ ಓದಲು ಹೋದನೆಂದು ಯಾರೋ ಹೇಳಿದರು. ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ಕೆರೆ ಪಕ್ಕದಲ್ಲೇ ಇತ್ತು. ಆದರೂ ಒಂದು ದಿನವೂ ಆ ಕಡೆ ಕಾಲಿಡಲಿಲ್ಲ. ಹುಡುಗ ಹೋದದ್ದಕ್ಕಿಂತ ಹಕ್ಕಿಗಳು ಹೋದದ್ದು ನನಗೆ ಹೆಚ್ಚು ನೋವಾಗಿತ್ತೋ ಏನೋ. ಅವನ ಜೊತೆ ಅವೂ ನನ್ನ ಕೈಬಿಟ್ಟವು ಎಂದುಕೊಂಡಿದ್ದೆ.

ಚಳಿಗಾಲದ ಒಂದು ಭಾನುವಾರ ಅಪ್ಪ ಬೆಳಿಗ್ಗೆಯೇ ಎದ್ದು ಮಫ್ಲರ್ ಸುತ್ತಿಕೊಳ್ಳುತ್ತ, “ಡಾಕ್ಟರು ನಡೀಬೇಕು ಅಂದಿದಾರೆ. ಕೆರೆ ಕಡೆ ಹೋಗಿ ಬರೋಣ, ಬರ್ತೀಯಾ?” ಎಂದರು. ಇಲ್ಲ ಎನ್ನಲು ಕಾರಣ ಬೇಕಲ್ಲ. ಹೊರಟೆ. ಏರಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅಪ್ಪ ಸುಮ್ಮನೆ ನಡೆದರು, ನಾನು ಅವರ ಹಿಂದೆ. ನೀರಿನ ನಡುವಿನ ಒಣಕೊಂಬೆಯೊಂದರ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಅಗಲಿಸಿ ನಿಂತಿತ್ತು. ಅಪ್ಪ ನಿಂತು, “ಅದ್ಯಾವ ಹಕ್ಕಿ?” ಎಂದು ಕೇಳಿದರು.

“ನೀರುಕಾಗೆ” ಎಂದೆ. “ರೆಕ್ಕೆ ಒಣಗಿಸ್ಕೊಳ್ತಿದೆ. ಅದರ ರೆಕ್ಕೆ ಬೇಗ ನೆನೆಯುತ್ತೆ, ಅದಕ್ಕೇ.”

ಅಪ್ಪ ತಲೆಯಾಡಿಸಿದರು. “ಇದು?” ಎಂದರು. ಹೆಜ್ಜಾರ್ಲೆ. “ಅಲ್ಲಿ ಕತ್ತು ಮಾತ್ರ ಕಾಣ್ತಿದೆಯಲ್ಲ, ಅದು?” ಹಾವಕ್ಕಿ. ಕೆರೆ ಒಂದು ಸುತ್ತು ಮುಗಿಯುವ ತನಕ ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ. ಇಷ್ಟೆಲ್ಲ ಹೆಸರು ನಿನಗೆ ಯಾರು ಹೇಳಿಕೊಟ್ಟರು ಎಂದು ಅವರು ಕೇಳಲಿಲ್ಲ. ಮನೆಗೆ ಬಂದು ಅಮ್ಮನಿಗೆ, “ನಿನ್ನ ಮಗಳಿಗೆ ಹಕ್ಕಿಗಳ ವಿಷಯ ಎಷ್ಟು ಗೊತ್ತು ಗೊತ್ತಾ?” ಎಂದರು. ಆಮೇಲೆ ನನ್ನ ಮದುವೆಯಾಗುವ ತನಕ ಭಾನುವಾರ ಬೆಳಿಗ್ಗೆ ಕೆರೆ ನಮ್ಮಿಬ್ಬರದು.

ಅಪ್ಪ ಹೋಗಿ ಹದಿನೈದು ವರ್ಷ ದಾಟಿತು. ನಾನೀಗ ಹೈಸ್ಕೂಲಿನಲ್ಲಿ ಮೇಡಂ. ಮಕ್ಕಳಿಗೆ ಕನ್ನಡದ ಜೊತೆ ನಾಲ್ಕು ಹಕ್ಕಿಗಳ ಹೆಸರನ್ನೂ ಕಲಿಸುತ್ತೇನೆ. ಅಪ್ಪ ಅಂದು ಏನೂ ಅನ್ನದೆ ಇದ್ದದ್ದು ಅವರ ಸ್ವಭಾವ, ಅವರು ಶಾಂತ ಮನುಷ್ಯ ಎಂದೇ ಬಹಳ ಕಾಲ ತಿಳಿದಿದ್ದೆ.

ಕಳೆದ ತಿಂಗಳು ನನ್ನ ಮಗಳು, “ಇವತ್ತು ಸ್ವಲ್ಪ ಲೇಟಾಗುತ್ತಮ್ಮಾ” ಎಂದು ಹೇಳಿ ಕಾಲೇಜಿಗೆ ಹೋದಳು. ಅವಳು ಎಲ್ಲಿದ್ದಾಳೆಂದು ನನ್ನ ಫೋನಿನಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ನಾನೇ ಹಟಮಾಡಿ ಹಾಕಿಸಿಕೊಂಡ ವ್ಯವಸ್ಥೆ. ಐದು ಗಂಟೆಗೆ ನೋಡಿದೆ. ಚುಕ್ಕೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿತ್ತು. ಐದೂ ಕಾಲಿಗೆ ನೋಡಿದೆ. ಸ್ವಲ್ಪ ಮುಂದೆ ಹೋಗಿತ್ತು. ಯಾರೋ ನಿಧಾನವಾಗಿ, ಮಾತಾಡಿಕೊಂಡು ನಡೆಯುವ ವೇಗ. ಆ ವೇಗ ನನಗೆ ಗೊತ್ತು.

ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡೆ. ಬಸ್ಸು ಹತ್ತಿ ಅಲ್ಲಿಗೇ ಹೋಗಿಬಿಡೋಣ ಎಂದೂ ಅನ್ನಿಸಿತು. ಹೇಗೂ ಟಿಕೆಟ್ಟಿಗೆ ದುಡ್ಡಿಲ್ಲ! ಕೊನೆಗೆ ಫೋನನ್ನು ಮಗುಚಿ ಅಕ್ಕಿಡಬ್ಬದ ಮೇಲಿಟ್ಟೆ. ಮಗಳು ಏಳು ಗಂಟೆಗೆ ಬಂದಳು. ಕಾಫಿ ಕೊಟ್ಟೆ, ಬೈ-ಟೂ ಅಲ್ಲ, ಪೂರ್ತಿ ಲೋಟ. ಏನೂ ಕೇಳಲಿಲ್ಲ. ರಾತ್ರಿ ನನಗೆ ಊಟ ಸೇರಲಿಲ್ಲ. ತಟ್ಟೆಗೆ ಮಜ್ಜಿಗೆ ಸುರಿದುಕೊಂಡು ಅನ್ನ ಕಲಸುತ್ತಿದ್ದೆ. ಮಗಳು, “ಯಾಕಮ್ಮಾ, ಹೊಟ್ಟೆ ಸರಿಯಿಲ್ವಾ?” ಎಂದಳು.

ಕಲಸುತ್ತಿದ್ದ ಕೈ ಹಾಗೇ ನಿಂತಿತು. ಆ ಮೂರು ದಿನ ಅಪ್ಪ ಏನು ಊಟ ಮಾಡಿದರೆಂಬುದು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು.

“ಏನಿಲ್ಲ” ಎಂದೆ. “ಭಾನುವಾರ ಕೆರೆ ಕಡೆ ನಡೆಯೋಕೆ ಹೋಗೋಣ, ಬರ್ತೀಯಾ?”

ಮಗಳು ಒಂದು ಕ್ಷಣ ನನ್ನ ಮುಖ ನೋಡಿದಳು. “ಬರ್ತೀನಿ” ಎಂದಳು.