ಬಾಯಿಪಾಠ ಒಪ್ಪಿಸಲು ಬಿಡದ ಅಪ್ಪ

ಮನೆ ಬಿಟ್ಟು ಹೋದ ಮಗನ ಸುದ್ದಿ ಬಂದರೆ ಸಾಕು, ನೆಂಟರಲ್ಲಿ ಒಬ್ಬರಾದರೂ ಹೇಳುತ್ತಾರೆ: ‘ಮೊದಲು ಬಂದು ತಪ್ಪಾಯ್ತು ಅನ್ನಲಿ, ಆಮೇಲೆ ನೋಡೋಣ.’ ನನಗೆ ಈ ಮಾತು ಸೇರುವುದೇ ಇಲ್ಲ. ಕೇಳಿದಾಗಲೆಲ್ಲ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಅಪ್ಪ ನೆನಪಾಗುತ್ತಾನೆ.

ಅಪ್ಪ ಬದುಕಿರುವಾಗಲೇ ಪಾಲು ಕೇಳಿ ಪಡೆದು, ದೂರದೇಶದಲ್ಲಿ ಎಲ್ಲ ಕರಗಿಸಿ, ಬರಗಾಲದಲ್ಲಿ ಹಂದಿ ಕಾಯುವ ಗತಿಗೆ ಬಂದ ಕಿರಿಮಗ, ಊರಿಗೆ ಹೊರಡುವ ಮುಂಚೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಾನೆ. ನನ್ನನ್ನು ಕೂಲಿಯಾಳಾಗಿ ಇಟ್ಟುಕೋ ಎನ್ನುವುದು ಅದರ ಕೊನೆ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಬಂದು ತಬ್ಬಿ ಮುದ್ದಿಡುತ್ತಾನೆ. ಮಗ ಒಪ್ಪಿಸತೊಡಗುತ್ತಾನೆ, ಕೂಲಿಯಾಳಿನ ಮಾತು ಬರುವಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ನಿಲುವಂಗಿ, ಉಂಗುರ, ಜೋಡು ತರಿಸುವ ಗಡಿಬಿಡಿಯಲ್ಲಿದ್ದಾನೆ!

ಡಚ್ ಚಿತ್ರಕಾರ ರೆಂಬ್ರಾಂಟ್‌ನನ್ನು ಈ ಕಥೆ ಜೀವನವಿಡೀ ಬಿಡಲಿಲ್ಲ. ಹರೆಯದಲ್ಲಿ ಅವನು ತನ್ನನ್ನೇ ಆ ದುಂದುಗಾರ ಮಗನನ್ನಾಗಿ ಬರೆದುಕೊಂಡ: ಮಡಿಲಲ್ಲಿ ಹೆಂಡತಿ ಸಾಸ್ಕಿಯಾ, ಎತ್ತಿದ ಕೈಯಲ್ಲಿ ಮದ್ಯದ ಲೋಟ, ಮುಖದ ತುಂಬ ನಗು. 1636ರಲ್ಲಿ ಮಗ ಮರಳಿದ ದೃಶ್ಯವನ್ನು ತಾಮ್ರದ ತಗಡಿನಲ್ಲಿ ಕೊರೆದ. ಸಾಸ್ಕಿಯಾ 1642ರಲ್ಲಿ ತೀರಿಕೊಂಡಳು. ಆಮೇಲೆ ದಿವಾಳಿ. 1668ರಲ್ಲಿ ಮಗ ಟೈಟಸ್ ಹೋದ, ಮರುವರ್ಷ ರೆಂಬ್ರಾಂಟನೇ ಹೋದ. ಆ ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ಕಥೆಗೆ ಕೈ ಹಾಕಿದ್ದ. ಆಳೆತ್ತರವನ್ನೂ ಮೀರಿದ ಆ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್‌ನಲ್ಲಿದೆ. ಮಗನ ತಲೆ ಬೋಳು, ಬಟ್ಟೆ ಚಿಂದಿ, ಎಡಗಾಲಿನ ಜೋಡು ಕಳಚಿದೆ. ಸೊಂಟದಲ್ಲಿ ಮಾತ್ರ ಚಿಕ್ಕದೊಂದು ಕತ್ತಿ ಉಳಿದಿದೆ. ಮುದುಕನ ಎರಡೂ ಅಂಗೈ ಮಗನ ಬೆನ್ನ ಮೇಲಿವೆ; ಒಂದು ಗಂಡಸಿನದು, ಇನ್ನೊಂದು ಹೆಂಗಸಿನದು ಎನ್ನುವವರಿದ್ದಾರೆ, ನನಗೂ ಹಾಗೇ ಕಾಣುತ್ತದೆ. ಮಗನ ಮುಖ ಅಪ್ಪನ ಎದೆಗೆ ಒತ್ತಿಕೊಂಡಿದೆ. ಕಲಿತುಬಂದ ಪಾಠ ಒಪ್ಪಿಸಲು ಬಾಯಿಗೆ ಎಡೆಯೇ ಇಲ್ಲ. ಲೂಕನನ್ನು ಇಷ್ಟು ಚೆನ್ನಾಗಿ ಓದಿಕೊಂಡವರು ಇನ್ನಾರಿದ್ದಾರೆ?

ಚಿತ್ರದ ಬಲಗಡೆ ಕೆಂಪು ಮೇಲಂಗಿ ಹೊದ್ದು ನೆಟ್ಟಗೆ ನಿಂತವನು ಅಣ್ಣನಂತೆ. ಲೂಕನಲ್ಲಿ ಅವನು ಆ ಹೊತ್ತಿಗೆ ಹೊಲದಲ್ಲಿದ್ದ. ಮನೆ ಹತ್ತಿರ ಬರುವಾಗ ಹಾಡು ಕುಣಿತ ಕಿವಿಗೆ ಬಿದ್ದು, ಒಳಗೆ ಬರುವುದಿಲ್ಲವೆಂದು ಮುನಿಸಿಕೊಂಡ. ತನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿರಲಿಲ್ಲ ಎಂಬುದು ದೂರು. ಪಾಪ, ಆ ಮರಿಯ ಬಾಕಿ ಎಷ್ಟು ವರ್ಷದ್ದೋ! ನಮ್ಮ ನೆಂಟರು ನಿಂತಿರುವುದು ಇವನ ಪಕ್ಕದಲ್ಲೇ. ಇವನನ್ನು ಕರೆಯಲೂ ಅಪ್ಪ ಔತಣ ಬಿಟ್ಟು ಹೊರಗೆ ಬಂದ, ಬೇಡಿಕೊಂಡ. ಇವನು ಒಳಗೆ ಹೋದನೋ ಇಲ್ಲವೋ ಲೂಕ ಹೇಳುವುದಿಲ್ಲ. ಹೋಗಿರಬೇಕು ಅಂತ ನನ್ನಾಸೆ. ದಿನವಿಡೀ ದುಡಿದು ಬಂದವನಿಗೆ ಹಸಿವಾಗಿತ್ತು.